ಮೊಟ್ಟೆ ಓಡು ತೆಳು, ಹೇಂಟೆ ಕಾಲು ಮೆತ್ತಗೆ: ಮನೆ ಕೋಳಿಯ ಮೇವಿನ ಜಿಡ್ಡನ್ನು ಸರಿಮಾಡುವ ಕ್ರಮ

ಮಂಗಳೂರು, ಉಡುಪಿ ಕಡೆ ಮನೆಯಲ್ಲಿ ಕೋಳಿ ಸಾಕುವವರ ದೂರು ಹೆಚ್ಚಾಗಿ ಒಂದೇ ಥರ ಇರುತ್ತದೆ. “ಮೀನೆಣ್ಣೆ ಹಾಕಿದೆ, ಅಗಸೆ ಬೀಜ ಹಾಕಿದೆ, ಕೊಬ್ಬರಿ ಹಿಂಡಿಯೂ ಕೊಡುತ್ತೇನೆ. ಆದರೂ ಮೊಟ್ಟೆ ಕೈಯಲ್ಲಿ ಹಿಡಿದರೆ ಒಡೆಯುತ್ತದೆ. ಎರಡು ಹೇಂಟೆ ಕಾಲೆಳೆಯುತ್ತಿವೆ. ಇನ್ನು ಯಾವ ಎಣ್ಣೆ ಹಾಕಲಿ?”

ಯಾವ ಎಣ್ಣೆಯೂ ಬೇಡ. ಸದ್ಯಕ್ಕಂತೂ ಬೇಡ.

ಜಿಡ್ಡು ಕೋಳಿಯ ಮೈಯನ್ನು ಬದಲಿಸುತ್ತದೆ, ಮೊಟ್ಟೆಯ ಹಳದಿಯನ್ನು ಬದಲಿಸುತ್ತದೆ, ಮೂಳೆಗೂ ಅದರ ಪಾಲು ಮುಟ್ಟುತ್ತದೆ. ಆದರೆ ಸರದಿ ತಪ್ಪಿದರೆ ಅದೇ ಜಿಡ್ಡು ಕ್ಯಾಲ್ಸಿಯಂಗೆ ಅಡ್ಡ ಬರುತ್ತದೆ. ಮೊದಲು ಅಳತೆ, ಆಮೇಲೆ ಕ್ಯಾಲ್ಸಿಯಂ, ಆಮೇಲೆ ಬಿಸಿಲು, ಆಮೇಲೆ ಜಿಡ್ಡಿನ ಪ್ರಮಾಣ, ಕೊನೆಗೆ ಜಿಡ್ಡಿನ ಜಾತಿ. ಕೆಳಗಿನ ಹಂತಗಳು ಇದೇ ಸರದಿಯಲ್ಲಿವೆ. ನಡುವೆ ಒಂದನ್ನು ಹಾರಿಸಿ ಮುಂದಕ್ಕೆ ಹೋಗಬೇಡಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದು ಕೋಳಿಯ ಲೆಕ್ಕ, ದನಕ್ಕೆ ಹೊಂದುವುದಿಲ್ಲ. ದನದ ಮೊದಲ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ತಿಂದ ಎಣ್ಣೆಯ ಬಹುಪಾಲನ್ನು ಬದಲಿಸಿ ಗಟ್ಟಿ ಕೊಬ್ಬು ಮಾಡುತ್ತವೆ. ಕೋಳಿಗೆ, ಹಂದಿಗೆ, ನಾಯಿಗೆ ಆ ಏರ್ಪಾಡು ಇಲ್ಲ. ತಿಂದ ಎಣ್ಣೆ ಯಾವ ಥರದ್ದೋ ಮೈಯ ನೆಣವೂ ಹೆಚ್ಚುಕಮ್ಮಿ ಆ ಕಡೆಗೇ ವಾಲುತ್ತದೆ.

## ಬೇಕಾಗುವ ಸಾಮಾನು

ಗ್ರಾಮಿನ ಹತ್ತನೇ ಒಂದು ಭಾಗ ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿ. ಮೇವು ತೂಗಲು ಅಡುಗೆಮನೆಯ ತಕ್ಕಡಿ. ಬೇರೆ ಬೇರೆ ಬಣ್ಣದ ಕಾಲು ರಿಂಗುಗಳು. ಗಾಳಿಯಾಡದ ಮುಚ್ಚಳವಿರುವ ಡ್ರಮ್. ಚಿಪ್ಪು ಹಾಕಲು ಪ್ರತ್ಯೇಕ ಬಟ್ಟಲು. ಒಂದು ನೋಟ್ ಪುಸ್ತಕ.

ಕಾಲು ರಿಂಗು ಯಾಕೆ ಅಂತ ಕೇಳಬೇಡಿ. ಹತ್ತು ಹೇಂಟೆಯಲ್ಲಿ ತೆಳು ಓಡಿನ ಮೊಟ್ಟೆ ಇಡುವುದು ಎಷ್ಟೋ ಸಲ ಒಂದೋ ಎರಡೋ ಮಾತ್ರ. ಅದು ಯಾವುದು ಅಂತ ಗೊತ್ತಾಗದೆ ಇಡೀ ಗೂಡಿನ ಮೇವು ಬದಲಿಸುವವರೇ ಜಾಸ್ತಿ.

## ಹಂತ 1: ಈಗಿನ ಸ್ಥಿತಿ ಅಳೆಯಿರಿ

ಮೇವಿಗೆ ಕೈ ಹಾಕುವ ಮೊದಲು ಎರಡು ಪರೀಕ್ಷೆ ಮಾಡಿ: ಒಂದು ಮೊಟ್ಟೆಯದು, ಇನ್ನೊಂದು ಮೈಯದು.

ಓಡಿನ ತೂಕ. ಅವತ್ತೇ ಇಟ್ಟ ಮೊಟ್ಟೆ ತೂಗಿ. ಒಡೆದು, ಒಳಗಿನ ಲೋಳೆಯನ್ನು ನೀರಲ್ಲಿ ಮೆಲ್ಲಗೆ ತೊಳೆಯಿರಿ. ಒಳಪೊರೆ ಹಾಗೇ ಇರಲಿ. ಒಂದು ರಾತ್ರಿ ಒಣಗಲು ಬಿಟ್ಟು ಮತ್ತೆ ತೂಗಿ. 55 ಗ್ರಾಂ ಮೊಟ್ಟೆಗೆ ಓಡು 5ರಿಂದ 5.5 ಗ್ರಾಂ ಬರಬೇಕು, ಅಂದರೆ ಸುಮಾರು ನೂರಕ್ಕೆ 9–10. 8ಕ್ಕಿಂತ ಕೆಳಗಿದ್ದರೆ ಓಡು ತೆಳುವೇ. ಒಂದೇ ಮೊಟ್ಟೆ ನೋಡಿ ತೀರ್ಮಾನಿಸಬೇಡಿ. ಪ್ರತಿ ಹೇಂಟೆಯದು ಎರಡು ಮೂರು ಮೊಟ್ಟೆ ನೋಡಿ. ಮುದಿ ಹೇಂಟೆಯ ಮೊಟ್ಟೆ ದೊಡ್ಡದು, ಓಡು ಸ್ವಲ್ಪ ತೆಳು. ಅದು ಸಹಜ.

ಕೈಯಲ್ಲಿ ಮುಟ್ಟಿ ನೋಡುವುದು. ಸಂಜೆ ಗೂಡು ಸೇರಿದ ಮೇಲೆ ಒಂದೊಂದೇ ಹೇಂಟೆಯನ್ನು ಎಡಗೈ ಕಂಕುಳಲ್ಲಿ ಹಿಡಿದುಕೊಳ್ಳಿ. ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಎದೆಯ ನಡುಮೂಳೆ ಬರುವ ಹಾಗೆ ಹಿಡಿದು, ಕುತ್ತಿಗೆ ಕಡೆಯಿಂದ ಬಾಲದ ಕಡೆಗೆ ನಿಧಾನಕ್ಕೆ ಸರಿಸಿ. ಮೂಳೆಯ ಅಂಚು ನೇರ ಇರಬೇಕು. ಒಂದು ಕಡೆ ವಾಲಿದ್ದರೆ, ನಡುವೆ ಗಂಟು ಸಿಕ್ಕರೆ, ತುದಿ ಮುರಿದು ಕೂಡಿಕೊಂಡ ಹಾಗಿದ್ದರೆ ಮೂಳೆ ಸೋತಿದೆ ಅಂತ ಅರ್ಥ. ಈ ಮೂಳೆ ಮುರಿದ ಹೇಂಟೆ ಎಷ್ಟೋ ಸಲ ಹೊರಗಿಂದ ಚೆನ್ನಾಗೇ ಕಾಣುತ್ತದೆ.

ಅದೇ ಕೈಯನ್ನು ಹಿಂದಕ್ಕೆ ತನ್ನಿ. ಮೊಟ್ಟೆ ಬರುವ ದ್ವಾರದ ಕೆಳಗಿನ ಹೊಟ್ಟೆ ಭಾಗ ಒತ್ತಿ ನೋಡಿ. ಚೆನ್ನಾಗಿ ಮೊಟ್ಟೆ ಇಡುವ ಹೇಂಟೆಯಲ್ಲಿ ಅಲ್ಲಿ ಚರ್ಮ ತೆಳು, ಒಳಗೆ ಮೆತ್ತಗೆ. ನೆಣ ತುಂಬಿದ ಹೇಂಟೆಯಲ್ಲಿ ಚರ್ಮದಡಿ ದಪ್ಪ ಪದರ ಕೈಗೆ ಸಿಗುತ್ತದೆ, ಹಿಟ್ಟು ಹಿಡಿದ ಹಾಗೆ.

ನಡುಮೂಳೆ ಸೊಟ್ಟ, ಹೊಟ್ಟೆಯಲ್ಲಿ ನೆಣ ದಪ್ಪ. ಎರಡೂ ಒಂದೇ ಕೋಳಿಯಲ್ಲಿ ಸಿಕ್ಕರೆ ಆಶ್ಚರ್ಯ ಬೇಡ. ನಮ್ಮ ಮನೆ ಮೇವಿನಲ್ಲಿ ಇದೇ ಸಾಮಾನ್ಯ. ಇಂಥ ಹೇಂಟೆಗೆ ಜಿಡ್ಡು ಬೇಕಾದ್ದಕ್ಕಿಂತ ಜಾಸ್ತಿ ಸಿಗುತ್ತಿದೆ, ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಕಮ್ಮಿ ಸಿಗುತ್ತಿದೆ.

## ಹಂತ 2: ಈಗಿನ ಮೇವಿನಲ್ಲಿ ಎಷ್ಟು ಜಿಡ್ಡಿದೆ, ಲೆಕ್ಕ ಹಾಕಿ

ಹೆಚ್ಚಿನವರು ತಪ್ಪುವುದು ಇಲ್ಲೇ. “ನಾನು ಎಣ್ಣೆಯೇ ಹಾಕಲ್ಲ” ಅನ್ನುತ್ತಾರೆ. ತೌಡು ಹಾಕುತ್ತಾರಲ್ವಾ?

ಮೊಟ್ಟೆ ಇಡುವ ಹೇಂಟೆ ದಿನಕ್ಕೆ ಸುಮಾರು 110 ಗ್ರಾಂ ತಿನ್ನುತ್ತದೆ. ಹತ್ತು ಹೇಂಟೆಗೆ 1,100 ಗ್ರಾಂ. ಕರಾವಳಿಯ ಮನೆಗಳಲ್ಲಿ ಮಾಮೂಲಿಯಾಗಿ ಕಾಣುವ ಒಂದು ಮಿಶ್ರಣ ತೆಗೆದುಕೊಳ್ಳೋಣ:

- ಅಕ್ಕಿ ನುಚ್ಚು 500 ಗ್ರಾಂ: ಜಿಡ್ಡು ಸುಮಾರು 5 ಗ್ರಾಂ
- ಕುಚ್ಚಲಕ್ಕಿ ತೌಡು 400 ಗ್ರಾಂ: ಜಿಡ್ಡು ಸುಮಾರು 80 ಗ್ರಾಂ
- ಗಾಣದ ಕೊಬ್ಬರಿ ಹಿಂಡಿ 200 ಗ್ರಾಂ: ಜಿಡ್ಡು ಸುಮಾರು 20 ಗ್ರಾಂ

ಒಟ್ಟು 105 ಗ್ರಾಂ. ಅಂದರೆ ನೂರಕ್ಕೆ ಒಂಬತ್ತೂವರೆ. ಮೊಟ್ಟೆ ಕೋಳಿಗೆ ಸಾಧಾರಣವಾಗಿ 3ರಿಂದ 5 ಇದ್ದರೆ ಸಾಕು. ಇದರ ಮೇಲೆ ಮೀನೆಣ್ಣೆ ಸುರಿದರೆ ಏನಾಗಬೇಕು ಹೇಳಿ.

ಕುಚ್ಚಲಕ್ಕಿ ತೌಡಿನಲ್ಲಿ ಬೆಳ್ತಿಗೆ (ಭತ್ತ ಬೇಯಿಸದೆ ಮಾಡಿದ ಅಕ್ಕಿಯ) ತೌಡಿಗಿಂತ ಎಣ್ಣೆ ಜಾಸ್ತಿ. ಬೇಯಿಸಿ ಒಣಗಿಸಿದ ಭತ್ತವನ್ನು ಮಿಲ್ಲು ಮಾಡುವಾಗ ನುಚ್ಚಿನ ಹುಡಿ ತೌಡಿಗೆ ಕಮ್ಮಿ ಸೇರುತ್ತದೆ, ಎಣ್ಣೆಯ ಪದರ ಹೆಚ್ಚು ಸೇರುತ್ತದೆ. ಎಣ್ಣೆ ತೆಗೆದ ತೌಡಾದರೆ ಜಿಡ್ಡು ನೂರಕ್ಕೆ 1ರ ಹತ್ತಿರ ಅಷ್ಟೇ. ಅಂಗಡಿಯಲ್ಲಿ ಎರಡನ್ನೂ “ತೌಡು” ಅಂತಲೇ ಕೊಡುತ್ತಾರೆ. ಕೇಳಿ ತಿಳಿದುಕೊಳ್ಳಿ. ಒಂದು ಹಿಡಿ ತೌಡನ್ನು ಗಟ್ಟಿಯಾಗಿ ಹಿಸುಕಿ ನೋಡಿದರೂ ಅಂದಾಜು ಸಿಗುತ್ತದೆ. ಎಣ್ಣೆ ಇರುವುದು ಉಂಡೆ ಕಟ್ಟುತ್ತದೆ, ಅಂಗೈ ಜಿಡ್ಡಾಗುತ್ತದೆ. ಎಣ್ಣೆ ತೆಗೆದದ್ದು ಉದುರುತ್ತದೆ.

ಅಂಗಡಿಯ ಲೇಯರ್ ಫೀಡ್ (ಮೊಟ್ಟೆ ಕೋಳಿಗೆಂದೇ ಮಾಡಿದ ಸಿದ್ಧ ಮೇವು) ಕೊಡುವವರಾದರೆ ನಿಮ್ಮ ಲೆಕ್ಕ ಬೇರೆ. ಅದರಲ್ಲಿ ಜಿಡ್ಡು, ಕ್ಯಾಲ್ಸಿಯಂ, ವಿಟಮಿನ್ ಎಲ್ಲ ಅಳೆದು ಹಾಕಿರುತ್ತಾರೆ. ಸಮಸ್ಯೆ ಬರುವುದು ಅದಕ್ಕೆ ಅರ್ಧಕ್ಕರ್ಧ ಅನ್ನ, ನುಚ್ಚು ಬೆರೆಸಿದಾಗ.

## ಹಂತ 3: ಮೊದಲು ಕ್ಯಾಲ್ಸಿಯಂ

ಒಂದು ಮೊಟ್ಟೆಯ ಓಡಿನಲ್ಲಿ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಕೋಳಿ ತಿಂದದ್ದರಲ್ಲಿ ಹೆಚ್ಚುಕಮ್ಮಿ ಅರ್ಧ ಮಾತ್ರ ಮೈಗೆ ಹತ್ತುತ್ತದೆ. ಹಾಗಾಗಿ ದಿನಕ್ಕೆ 4 ಗ್ರಾಂ ಬೇಕು. ಲೇಯರ್ ಫೀಡಿನಲ್ಲಿ ನೂರಕ್ಕೆ 3.5–4 ಕ್ಯಾಲ್ಸಿಯಂ ಇರುವುದು ಇದೇ ಲೆಕ್ಕಕ್ಕೆ. ಅದಕ್ಕೆ ಅರ್ಧ ಅನ್ನ ಬೆರೆಸಿದಿರಿ ಅಂದರೆ 2 ಗ್ರಾಂ ಹೋಯಿತು, ಹತ್ತುವುದು 1 ಗ್ರಾಂ. ಉಳಿದ 1 ಗ್ರಾಂ ಎಲ್ಲಿಂದ ಬರಬೇಕು? ಮೂಳೆಯಿಂದ.

ಹೇಂಟೆಯ ಉದ್ದ ಮೂಳೆಗಳ ಟೊಳ್ಳಿನಲ್ಲಿ, ಮೊದಲ ಮೊಟ್ಟೆಗೆ ಸುಮಾರು ಎರಡು ವಾರ ಮುಂಚೆ, ಒಂದು ವಿಶೇಷ ಒಳಮೂಳೆ ಬೆಳೆಯುತ್ತದೆ. ರಾತ್ರಿ ಓಡು ಕಟ್ಟುವಾಗ ಕೋಳಿ ಅಲ್ಲಿಂದ ಕ್ಯಾಲ್ಸಿಯಂ ತೆಗೆದುಕೊಂಡು, ಹಗಲಲ್ಲಿ ಮೇವಿನಿಂದ ಮತ್ತೆ ತುಂಬಿಸುತ್ತದೆ. ಮೇವಿನಲ್ಲಿ ಸಾಕಷ್ಟು ಇಲ್ಲದಿದ್ದರೆ ಮೈಯನ್ನು ಎತ್ತಿ ಹಿಡಿಯುವ ಹೊರಮೂಳೆಯೂ ಕರಗುತ್ತಾ ಹೋಗುತ್ತದೆ. ಮೊಟ್ಟೆ ಇಡುತ್ತಿರುವಷ್ಟು ದಿನ ಆ ಹೊರಮೂಳೆ ಹೊಸದಾಗಿ ಕಟ್ಟುವುದು ಹೆಚ್ಚುಕಮ್ಮಿ ನಿಂತೇ ಹೋಗಿರುತ್ತದೆ. ಮೊಟ್ಟೆ ನಿಲ್ಲಿಸಿದಾಗಲೇ ಅದಕ್ಕೆ ಬಿಡುವು.

ಊರ ಕೋಳಿಗೆ ಕಾಲಿನ ತೊಂದರೆ ಕಮ್ಮಿ ಇರುವುದು ಯಾಕೆ ಅಂತ ಇಲ್ಲೇ ಗೊತ್ತಾಗುತ್ತದೆ. ಅದು ಒಂದಿಷ್ಟು ಮೊಟ್ಟೆ ಇಟ್ಟು ಕಾವಿಗೆ ಕೂರುತ್ತದೆ, ಮರಿ ಸಾಕುತ್ತದೆ, ಅಷ್ಟರಲ್ಲಿ ಮೂಳೆ ಸುಧಾರಿಸಿಕೊಳ್ಳುತ್ತದೆ. ಬಿವಿ 380 ಥರದ, ಮೊಟ್ಟೆಗೆಂದೇ ಬೆಳೆಸಿದ ತಳಿಗೆ ಆ ರಜೆ ಇಲ್ಲ, ವರ್ಷಪೂರ್ತಿ ಇಡುತ್ತಲೇ ಇರುತ್ತದೆ. ಅದಕ್ಕೆ ಊರ ಕೋಳಿಯ ಮೇವು ಹಾಕಿ “ಇದು ನಾಜೂಕು ಜಾತಿ” ಅಂದರೆ ಅದು ನ್ಯಾಯ ಅಲ್ಲ.

ಏನು ಕೊಡಬೇಕು? ಇಲ್ಲಿ ಹೊಳೆಬದಿಯಲ್ಲಿ ಮರುವಾಯಿ (ಹೊಳೆಯ ಕಪ್ಪೆಚಿಪ್ಪು) ಚಿಪ್ಪಿಗೆ ಬರ ಇಲ್ಲ. ಚೆನ್ನಾಗಿ ತೊಳೆದು, ಕುದಿಸಿ, ಬಿಸಿಲಲ್ಲಿ ಒಣಗಿಸಿ, ಒನಕೆಯಲ್ಲೋ ಕಲ್ಲಲ್ಲೋ ಕುಟ್ಟಿ. ಪೂರ್ತಿ ಹುಡಿ ಮಾಡಬೇಡಿ. ಮೂರರಲ್ಲಿ ಎರಡು ಪಾಲು ಜೋಳದ ನುಚ್ಚಿನಷ್ಟು ದಪ್ಪ ಇರಲಿ. ದಪ್ಪ ತುಂಡು ಕಾಳು ಅರೆಯುವ ಹೊಟ್ಟೆಯಲ್ಲಿ ತಂಗಿ, ರಾತ್ರಿಯಿಡೀ ನಿಧಾನಕ್ಕೆ ಕರಗುತ್ತದೆ. ಓಡು ಕಟ್ಟುವುದು ಮುಖ್ಯವಾಗಿ ರಾತ್ರಿಯೇ. ಹಾಗಾಗಿ ಸಂಜೆ ನಾಲ್ಕರ ಸುಮಾರಿಗೆ ಪ್ರತ್ಯೇಕ ಬಟ್ಟಲಲ್ಲಿ ಇಡಿ. ಬೇಕಾದ ಹೇಂಟೆ ಬೇಕಾದಷ್ಟು ತಿನ್ನುತ್ತದೆ.

ಇಲ್ಲಿ ಆಗುವ ತಪ್ಪುಗಳು:

- ಸುಟ್ಟ ಸುಣ್ಣ, ವೀಳ್ಯದ ಸುಣ್ಣ ಹಾಕುವುದು. ಬಾಯಿ, ಗಂಟಲು ಸುಡುತ್ತದೆ. ಸುಡದ ಚಿಪ್ಪು ಮಾತ್ರ.
- ಮರಿಗಳಿಗೂ ಲೇಯರ್ ಫೀಡ್ ಕೊಡುವುದು. ಮರಿಗೆ ಬೇಕಾದ ಕ್ಯಾಲ್ಸಿಯಂ ನೂರಕ್ಕೆ 1ರಷ್ಟು. ಅದಕ್ಕೆ ನಾಲ್ಕು ಪಟ್ಟು ಸಿಕ್ಕರೆ ಮೂತ್ರಪಿಂಡ ಹಾಳಾಗುತ್ತದೆ. ಜುಟ್ಟು ಕೆಂಪಾಗಿ, ಮೊದಲ ಮೊಟ್ಟೆಗೆ ಎರಡು ವಾರ ಇದೆ ಅನ್ನಿಸಿದಾಗ ಬದಲಿಸಿ.
- ರಂಜಕ (ಫಾಸ್ಫರಸ್) ಮರೆಯುವುದು. ಮೂಳೆಗೆ ಅದೂ ಬೇಕು. ತೌಡಿನಲ್ಲಿ ರಂಜಕ ಇದೆ, ಆದರೆ ಹೆಚ್ಚಿನದು ಕೋಳಿಗೆ ಜೀರ್ಣ ಆಗದ ರೂಪದಲ್ಲಿದೆ. ಸ್ವಲ್ಪ ಒಣಮೀನಿನ ಹುಡಿ ಈ ಕೊರತೆ ತುಂಬುತ್ತದೆ. ಆದರೆ ಅದು ಉಪ್ಪು ಹಾಕದೆ ಒಣಗಿಸಿದ್ದಾಗಿರಬೇಕು. ಉಪ್ಪುಮೀನು ಕೋಳಿಗೆ ಅಪಾಯ.

ಇಷ್ಟು ಮಾಡಿ ಎರಡು ವಾರ ಬಿಡಿ. ಬೇರೆ ಏನೂ ಬದಲಿಸಬೇಡಿ. ಎಷ್ಟೋ ಗೂಡುಗಳ ಸಮಸ್ಯೆ ಇಲ್ಲಿಗೇ ಮುಗಿಯುತ್ತದೆ.

## ಹಂತ 4: ಬಿಸಿಲು, ಇಲ್ಲವೇ ಡಿ3

ಕರುಳಿನಿಂದ ಕ್ಯಾಲ್ಸಿಯಂ ಒಳಗೆ ಹೋಗಲು ವಿಟಮಿನ್ ಡಿ ಬೇಕು. ಕೋಳಿ ಅದನ್ನು ಬಿಸಿಲಿಗೆ ಒಡ್ಡಿದ ಚರ್ಮದಲ್ಲಿ, ಅದರಲ್ಲೂ ಪುಕ್ಕವಿಲ್ಲದ ಕಾಲಿನ ಚರ್ಮದಲ್ಲಿ, ತಾನೇ ತಯಾರಿಸಿಕೊಳ್ಳುತ್ತದೆ. ಹೊರಗೆ ಮೇಯುವ ಕೋಳಿಗೆ ಬೇಸಿಗೆಯಲ್ಲಿ ಇದರ ಚಿಂತೆ ಇಲ್ಲ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಥೆ ಬೇರೆ. ಮೋಡ, ಮಳೆ, ಕೋಳಿ ಗೂಡಿನೊಳಗೆ. ಗಾಜಿನ ಮೂಲಕ ಬರುವ ಬೆಳಕಿನಿಂದ ಈ ಕೆಲಸ ಆಗುವುದಿಲ್ಲ.

ಮಳೆಗಾಲದಲ್ಲಿ ಕೋಳಿಗೆಂದೇ ಮಾರುವ ವಿಟಮಿನ್ ಮಿಶ್ರಣ ತನ್ನಿ. ಅದರಲ್ಲಿ ವಿಟಮಿನ್ ಡಿಯ ಡಿ3 ಅನ್ನುವ ರೂಪ ಇದೆಯಾ ಅಂತ ಲೇಬಲ್ ನೋಡಿ. ಡಿ2 ಕೋಳಿಗೆ ತೀರಾ ಕಮ್ಮಿ ಉಪಯೋಗಕ್ಕೆ ಬರುತ್ತದೆ. ಪ್ಯಾಕಿನ ಮೇಲೆ ಬರೆದ ಅಳತೆ ಮೀರಬೇಡಿ.

ಇಲ್ಲೇ ಜಿಡ್ಡಿನ ಮೊದಲ ಒಳ್ಳೆಯ ಕೆಲಸ ಕಾಣುತ್ತದೆ. ವಿಟಮಿನ್ ಎ, ಡಿ, ಇ, ಕೆ ನಾಲ್ಕೂ ಜಿಡ್ಡಿನ ಜೊತೆಯೇ ಮೈಗೆ ಹತ್ತುವುದು. ಬರೇ ಅನ್ನ, ನುಚ್ಚು ತಿನ್ನುವ ಕೋಳಿಗೆ ಡಿ3 ಕೊಟ್ಟರೂ ಪೂರ್ತಿ ಪ್ರಯೋಜನ ಸಿಗುವುದಿಲ್ಲ.

ಮೀನಿನ ಲಿವರ್ ಎಣ್ಣೆ ಬೇರೆ, ಮೀನಿನ ಮೈಯೆಣ್ಣೆ ಬೇರೆ. ಲಿವರ್ ಎಣ್ಣೆಯಲ್ಲಿ ಎ ಮತ್ತು ಡಿ ಜಾಸ್ತಿ. ವಿಟಮಿನ್ ಮಿಶ್ರಣದ ಜೊತೆ ಅದನ್ನೂ ಸುರಿದರೆ ವಿಟಮಿನ್ ಎ ಅತಿಯಾಗಿ, ಡಿ ಮಾಡುವ ಕೆಲಸಕ್ಕೇ ತಡೆ ಹಾಕುತ್ತದೆ. ಎರಡರಲ್ಲಿ ಒಂದು ಸಾಕು.

## ಹಂತ 5: ಜಿಡ್ಡಿನ ಪ್ರಮಾಣ ಇಳಿಸಿ

ಜಿಡ್ಡು ಅತಿಯಾದರೆ ಕರುಳಿನಲ್ಲಿ ಏನಾಗುತ್ತದೆ ಗೊತ್ತಾ? ಗಟ್ಟಿಯಾಗುವ ಜಾತಿಯ ಕೊಬ್ಬು, ಉದಾಹರಣೆಗೆ ತಾಳೆ ಎಣ್ಣೆಯಲ್ಲೂ ಮಾಂಸದ ನೆಣದಲ್ಲೂ ಇರುವಂಥದ್ದು, ಕ್ಯಾಲ್ಸಿಯಂ ಜೊತೆ ಸೇರಿ ಕರಗದ ಸಾಬೂನಾಗುತ್ತದೆ. ಇದು ಅಲಂಕಾರದ ಮಾತಲ್ಲ, ರಸಾಯನದ ಪ್ರಕಾರ ಅದು ಸಾಬೂನೇ. ಕೊಬ್ಬೂ ಹಿಕ್ಕೆಯಲ್ಲಿ ಹೋಯಿತು, ಕ್ಯಾಲ್ಸಿಯಮ್ಮೂ ಹೋಯಿತು. ಮರಿಗಳಲ್ಲಿ ಇದು ಹೆಚ್ಚು, ಯಾಕೆಂದರೆ ಅವುಗಳಿಗೆ ಕೊಬ್ಬು ಜೀರ್ಣಿಸುವ ಶಕ್ತಿ ಇನ್ನೂ ಪೂರ್ತಿ ಬಂದಿರುವುದಿಲ್ಲ. ಮಿಕ್ಕ ಜಿಡ್ಡು ನೆಣವಾಗಿ ಹೊಟ್ಟೆಯಲ್ಲಿ, ಯಕೃತ್ತಿನಲ್ಲಿ ಕೂರುತ್ತದೆ.

ಹತ್ತು ಹೇಂಟೆಗೆ ಒಂದು ದಿನದ ಮಿಶ್ರಣವನ್ನು ಹೀಗೆ ಬದಲಿಸಬಹುದು:

- ಮೆಕ್ಕೆಜೋಳದ ನುಚ್ಚು 300 ಗ್ರಾಂ
- ಅಕ್ಕಿ ನುಚ್ಚು 250 ಗ್ರಾಂ
- ಕುಚ್ಚಲಕ್ಕಿ ತೌಡು 150 ಗ್ರಾಂ
- ಎಣ್ಣೆ ತೆಗೆದ ಸೋಯಾ ಹಿಂಡಿ 150 ಗ್ರಾಂ
- ಕೊಬ್ಬರಿ ಹಿಂಡಿ 100 ಗ್ರಾಂ
- ಉಪ್ಪಿಲ್ಲದ ಒಣಮೀನು ಹುಡಿ 50 ಗ್ರಾಂ
- ಚಿಪ್ಪು 100 ಗ್ರಾಂ (ಹುಡಿಯಾದ ಒಂದು ಪಾಲು ಮಿಶ್ರಣಕ್ಕೆ, ದಪ್ಪಗಿನ ಎರಡು ಪಾಲು ಸಂಜೆಯ ಬಟ್ಟಲಿಗೆ)
- ವಿಟಮಿನ್–ಖನಿಜ ಮಿಶ್ರಣ, ಪ್ಯಾಕಿನ ಅಳತೆಯಷ್ಟು

ಇದರಲ್ಲಿ ಜಿಡ್ಡು ನೂರಕ್ಕೆ ಐದೂವರೆಯ ಹತ್ತಿರ, ಪ್ರೋಟೀನ್ 16ರ ಹತ್ತಿರ, ಕ್ಯಾಲ್ಸಿಯಂ ಮೂರೂವರೆಯ ಹತ್ತಿರ ಬರುತ್ತದೆ. ಕೋಳಿಗಳ ಹೊಟ್ಟೆಯಲ್ಲಿ ನೆಣ ದಪ್ಪ ಸಿಕ್ಕಿದ್ದರೆ ತೌಡನ್ನು ಇನ್ನೂ 50 ಗ್ರಾಂ ಕಡಿಮೆ ಮಾಡಿ, ಅಷ್ಟು ಮೆಕ್ಕೆಜೋಳ ಹಾಕಿ. ಹಳೇ ಮೇವಿನಿಂದ ಹೊಸದಕ್ಕೆ ಒಂದು ವಾರದಲ್ಲಿ ನಿಧಾನಕ್ಕೆ ಬದಲಿಸಿ. ದಿಢೀರ್ ಬದಲಿಸಿದರೆ ಕೆಲವು ದಿನ ಮೊಟ್ಟೆ ನಿಲ್ಲಿಸುತ್ತವೆ.

ಹಾಗಂತ ಜಿಡ್ಡನ್ನು ಪೂರ್ತಿ ತೆಗೆಯಬೇಡಿ. ಲಿನೋಲಿಕ್ ಅನ್ನುವ ಕೊಬ್ಬಿನಾಮ್ಲವನ್ನು ಕೋಳಿ ತಾನೇ ತಯಾರಿಸಲಾರದು. ಮೇವಿನಲ್ಲಿ ನೂರಕ್ಕೆ 1ರಷ್ಟಾದರೂ ಇರಬೇಕು, ಇಲ್ಲದಿದ್ದರೆ ಮೊಟ್ಟೆ ಸಣ್ಣದಾಗುತ್ತದೆ. ಮೆಕ್ಕೆಜೋಳ, ತೌಡು, ಎಳ್ಳು ಹಿಂಡಿಯಲ್ಲಿ ಇದು ಧಾರಾಳ. ತೆಂಗಿನೆಣ್ಣೆಯಲ್ಲಿ ಮಾತ್ರ ತೀರಾ ಕಮ್ಮಿ. ಹಾಗಾಗಿ ಬರೇ ಅನ್ನ ಮತ್ತು ಕೊಬ್ಬರಿ ಹಿಂಡಿ ಮೇಲೆ ಕೋಳಿ ಸಾಕಲು ಹೋಗಬೇಡಿ, ಮನೆಯಲ್ಲಿ ಎಷ್ಟೇ ತೆಂಗು ಇರಲಿ.

ಇನ್ನೊಂದು. ಬರೇ ಅನ್ನ ಹಾಕಿದರೆ ಕೋಳಿ ದಪ್ಪ ಆಗುವುದಿಲ್ಲ ಅಂದುಕೊಳ್ಳಬೇಡಿ. ಮಿಕ್ಕ ಪಿಷ್ಟವನ್ನು ಕೋಳಿಯ ಯಕೃತ್ತು ಕೊಬ್ಬಾಗಿ ಬದಲಿಸುತ್ತದೆ. ಮದುವೆ ಮನೆ ಊಟದ ಉಳಿಕೆ ತಂದು ಹಾಕುವವರು ಇದನ್ನು ನೆನಪಿಡಿ.

## ಹಂತ 6: ಈಗ ಜಿಡ್ಡಿನ ಜಾತಿ

ಓಡಿನ ತೂಕ ಸರಿಯಾಗಿದೆ, ಹೊಟ್ಟೆಯ ನೆಣ ಇಳಿದಿದೆ ಅಂತ ಖಾತ್ರಿಯಾದ ಮೇಲೆ ಮಾತ್ರ ಈ ಹಂತಕ್ಕೆ ಬನ್ನಿ.

ಹಳದಿಯ ಒಟ್ಟು ಕೊಬ್ಬು ಮೇವಿನಿಂದ ಅಷ್ಟಾಗಿ ಬದಲಾಗುವುದಿಲ್ಲ, ಹೆಚ್ಚುಕಮ್ಮಿ ಮೂರನೇ ಒಂದು ಭಾಗ ಇದ್ದೇ ಇರುತ್ತದೆ. ಬದಲಾಗುವುದು ಅದರ ಒಳಗಿನ ಪಾಲು. ಅಗಸೆ, ಮೀನು ಕೊಟ್ಟರೆ ಒಮೆಗಾ-3 ಅನ್ನುವ ಜಾತಿಯ ಕೊಬ್ಬಿನಾಮ್ಲ ಏರುತ್ತದೆ. ಸೂರ್ಯಕಾಂತಿ, ಮೆಕ್ಕೆಜೋಳದ ಎಣ್ಣೆ ಕೊಟ್ಟರೆ ಒಮೆಗಾ-6 ಅನ್ನುವ ಇನ್ನೊಂದು ಜಾತಿ ಏರುತ್ತದೆ. ಹಳದಿಯ ಬಣ್ಣಕ್ಕೂ ಇದಕ್ಕೂ ಸಂಬಂಧ ಇಲ್ಲ. ಬಣ್ಣ ಬರುವುದು ಹಸಿರು ಸೊಪ್ಪು, ಹಳದಿ ಜೋಳದಿಂದ.

ಮೂಳೆಗೇನು? ಮೂಳೆಯ ಜೀವಕೋಶಗಳ ಪೊರೆಗೂ ತಿಂದ ಎಣ್ಣೆಯ ಆಮ್ಲಗಳು ಹೋಗಿ ಸೇರುತ್ತವೆ. ಒಮೆಗಾ-6 ಹೆಚ್ಚಾದರೆ ಅದರಿಂದ ಪ್ರೊಸ್ಟಗ್ಲಾಂಡಿನ್ ಇ2 ಅನ್ನುವ ವಸ್ತು ಹೆಚ್ಚು ತಯಾರಾಗುತ್ತದೆ. ಅದು ಸ್ವಲ್ಪ ಇದ್ದರೆ ಮೂಳೆ ಕಟ್ಟಲು ಬೇಕು, ಅತಿಯಾದರೆ ಕಟ್ಟುವ ಕೆಲಸಕ್ಕೆ ಅಡ್ಡಿ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ 1990ರ ದಶಕದಲ್ಲಿ ಬ್ರೂಸ್ ವಾಟ್ಕಿನ್ಸ್ ತಂಡ ಮರಿಕೋಳಿಗಳಿಗೆ ಬೇರೆ ಬೇರೆ ಎಣ್ಣೆ ತಿನ್ನಿಸಿ ನೋಡಿದಾಗ, ಮೂಳೆಯಲ್ಲಿ ಇದರ ಉತ್ಪಾದನೆ ಎಣ್ಣೆಗೆ ತಕ್ಕಂತೆ ಬದಲಾಯಿತು. ಬ್ರಿಟನ್ನಿನ ಬ್ರಿಸ್ಟಲ್ ವಿಶ್ವವಿದ್ಯಾಲಯದವರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಮೆಗಾ-3 ಹೆಚ್ಚಿಸಿದ ಮೇವು ತಿಂದ ಹೇಂಟೆಗಳಲ್ಲಿ ಎದೆಯ ನಡುಮೂಳೆ ಮುರಿಯುವುದು ಕಡಿಮೆಯಾಗಿತ್ತು. ಒಂದನ್ನು ಗಮನಿಸಿ. ಇಂಥ ಪ್ರಯೋಗದ ಕೋಳಿಗಳಿಗೆ ಕ್ಯಾಲ್ಸಿಯಂ, ಡಿ3 ಮೊದಲೇ ಸರಿಯಾಗಿ ಸಿಗುತ್ತಿರುತ್ತದೆ. ಒಮೆಗಾ-3 ಕೆಲಸ ಮಾಡುವುದು ಅದರ ಮೇಲಿಂದ. ಅದನ್ನೇ ಚಿಪ್ಪಿನ ಬದಲಿಗೆ ಕೊಟ್ಟರೆ ಏನೂ ಉಪಯೋಗವಿಲ್ಲ.

ಅಗಸೆ. ಹತ್ತು ಹೇಂಟೆಗೆ ದಿನಕ್ಕೆ 55 ಗ್ರಾಂ, ಅಂದರೆ ಮೇವಿನ ನೂರಕ್ಕೆ 5. ಅದಕ್ಕಿಂತ ಜಾಸ್ತಿ ಬೇಡ. ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ, ಆ ದಿನಕ್ಕೆ ಬೇಕಾದಷ್ಟೇ ದರದರ ಕುಟ್ಟಿ. ಇಡೀ ಕಾಳು ಹಾಗೇ ಹಿಕ್ಕೆಯಲ್ಲಿ ಬರುತ್ತದೆ. 55 ಗ್ರಾಂ ಅಗಸೆಯಲ್ಲಿ ಸುಮಾರು 20 ಗ್ರಾಂ ಎಣ್ಣೆ ಇದೆ, ಹಾಗಾಗಿ ತೌಡಿನಿಂದ 100 ಗ್ರಾಂ ತೆಗೆಯಲೇಬೇಕು. ತೆಗೆಯದೆ ಸೇರಿಸಿದರೆ ಹಂತ 5ರಲ್ಲಿ ಪಟ್ಟ ಶ್ರಮ ಹೋಯಿತು.

ಮೀನು. ಮಲ್ಪೆಯಿಂದಲೋ ಮಂಗಳೂರು ಧಕ್ಕೆಯಿಂದಲೋ ತಂದ ಬೂತಾಯಿ (ಸಾರ್ಡಿನ್) ಮೀನಿನ ತಲೆ, ಕರುಳು ಕೊಡುವವರು ಕಡ್ಡಾಯವಾಗಿ ಬೇಯಿಸಿ. ಬೂತಾಯಿ ಜಾತಿಯ ಹಸಿ ಮೀನಿನಲ್ಲಿ ವಿಟಮಿನ್ ಬಿ1 ಹಾಳುಮಾಡುವ ಕಿಣ್ವ ಇರುತ್ತದೆ, ಬೇಯಿಸಿದರೆ ಅದರ ಆಟ ನಿಲ್ಲುತ್ತದೆ. ಮಳೆಗಾಲ ಕಳೆದು ಸಿಗುವ ಕೊಬ್ಬಿದ ಬೂತಾಯಿಯಲ್ಲಿ ಎಣ್ಣೆ ಹೆಚ್ಚು, ಕೊಡುವ ಪ್ರಮಾಣ ಕಮ್ಮಿ ಮಾಡಿ. ಜೂನ್, ಜುಲೈ ತಿಂಗಳ ಮೀನುಗಾರಿಕೆ ನಿಷೇಧದ ಹೊತ್ತಿಗೆ ಮೀನು ಸಿಗುವುದಿಲ್ಲ ಅಂತ ಒಂದು ಡಬ್ಬ ಎಣ್ಣೆ ತಂದಿಟ್ಟುಕೊಳ್ಳುವವರಿದ್ದಾರೆ. ಹತ್ತು ಹೇಂಟೆಗೆ ದಿನಕ್ಕೆ ಎರಡು ಟೀ ಚಮಚ ಮೀರಬೇಡಿ. ಮೀರಿದರೆ ಮೊಟ್ಟೆ ಮೀನು ನಾರುತ್ತದೆ. ಮಾಂಸಕ್ಕೆ ಇಟ್ಟ ಕೋಳಿಗೆ ಕೊಯ್ಯುವ ಮೂರು ವಾರ ಮುಂಚೆಯೇ ಮೀನು, ಮೀನೆಣ್ಣೆ ನಿಲ್ಲಿಸಿ. ಕೋರಿ ರೊಟ್ಟಿ ಬಡಿಸಿದ ಮೇಲೆ ನೆಂಟರು ಮೂಗು ಮುರಿದರೆ ಮಸಾಲೆಯನ್ನು ದೂರಿ ಫಲವಿಲ್ಲ.

ಕರಿದ ಎಣ್ಣೆ. ಗೋಳಿಬಜೆ ಕರಿದು ಉಳಿದದ್ದು, ಬಂಗುಡೆ ಫ್ರೈ ಮಾಡಿ ಉಳಿದದ್ದು, ಹೋಟೆಲಿನಿಂದ ಪುಕ್ಕಟೆ ಸಿಕ್ಕಿದ್ದು. ಯಾವುದೂ ಬೇಡ, ಒಂದು ಚಮಚವೂ ಬೇಡ. ಕಾರಣ ಮುಂದಿನ ಹಂತದಲ್ಲಿದೆ.

## ಹಂತ 7: ಕಮಟು ಹಿಡಿಯದಂತೆ ಕಾಯುವುದು

ನಮ್ಮ ಸೆಕೆಗೆ, ತೇವಕ್ಕೆ ಎಣ್ಣೆ ಬೇಗ ಕೆಡುತ್ತದೆ. ಒಮೆಗಾ-3 ಹೆಚ್ಚಿರುವ ಎಣ್ಣೆ ಎಲ್ಲಕ್ಕಿಂತ ಬೇಗ. ಕರಿದ ಎಣ್ಣೆಯಂತೂ ಮೊದಲೇ ಕೆಟ್ಟಿರುತ್ತದೆ. ಕಮಟು ಹಿಡಿದ ಜಿಡ್ಡು ಮೇವಿನಲ್ಲಿರುವ ವಿಟಮಿನ್ ಇ, ಎ, ಡಿ ಮೂರನ್ನೂ ಹಾಳುಮಾಡುತ್ತದೆ. ನೀವು ಕಾಸು ಕೊಟ್ಟು ತಂದ ಡಿ3 ಡ್ರಮ್ಮಿನೊಳಗೇ ಸತ್ತಿರುತ್ತದೆ. ಮರಿಗಳಿಗೆ ಇಂಥ ಮೇವು ಬಿದ್ದರೆ ವಿಟಮಿನ್ ಇ ಕೊರತೆಯಿಂದ ಮಿದುಳಿಗೆ ಪೆಟ್ಟಾಗಿ ತಲೆ ತಿರುಚುತ್ತವೆ, ತೂರಾಡುತ್ತವೆ, ಬೆನ್ನ ಮೇಲೆ ಬೀಳುತ್ತವೆ.

ಬೆಳ್ತಿಗೆ ತೌಡು ಮಿಲ್ಲಿನಿಂದ ಬಂದ ಕೆಲವೇ ದಿನಗಳಲ್ಲಿ ಕಮಟಾಗುತ್ತದೆ. ಕುಚ್ಚಲಕ್ಕಿ ತೌಡಿನಲ್ಲಿ ಆ ಕೆಲಸ ಮಾಡುವ ಕಿಣ್ವ ಭತ್ತ ಬೇಯಿಸುವಾಗಲೇ ಸತ್ತಿರುತ್ತದೆ, ಸ್ವಲ್ಪ ಹೆಚ್ಚು ತಡೆಯುತ್ತದೆ. ಆದರೂ ಎರಡು ವಾರಕ್ಕೆ ಬೇಕಾದಷ್ಟೇ ತನ್ನಿ. ಮಳೆಗಾಲದಲ್ಲಿ ಒಂದೇ ವಾರಕ್ಕೆ.

ಡ್ರಮ್ಮನ್ನು ನೆಲದಿಂದ ಎತ್ತರದಲ್ಲಿ, ಗೋಡೆಗೆ ತಾಗದ ಹಾಗೆ ಇಡಿ. ಹಳೇ ಮೇವಿನ ಮೇಲೆ ಹೊಸದು ಸುರಿಯಬೇಡಿ. ಮೀನೆಣ್ಣೆಯನ್ನು ಫ್ರಿಜ್ಜಿನಲ್ಲಿಟ್ಟು, ಹಾಕುವ ಹೊತ್ತಿಗೆ ಬೆರೆಸಿ. ಒಂದು ಚಿಟಿಕೆ ತೌಡನ್ನು ಅಂಗೈಯಲ್ಲಿ ಉಜ್ಜಿ ಮೂಸಿ: ಹಳೇ ಪೇಂಟಿನ ವಾಸನೆ, ಮೂಗಿಗೆ ಚುರುಕ್ ಅನ್ನುವ ಘಾಟು ಬಂದರೆ ಗೊಬ್ಬರದ ಗುಂಡಿಗೆ ಹಾಕಿ.

ಮುಗ್ಗಲು ವಾಸನೆ ಬೇರೆ, ಅದು ಬೂಷ್ಟು. ನೆಲಗಡಲೆ ಹಿಂಡಿಯಲ್ಲಿ, ಸರಿಯಾಗಿ ಒಣಗದ ಮೆಕ್ಕೆಜೋಳದಲ್ಲಿ ಬೂಷ್ಟು ಬಂದರೆ ಅಫ್ಲಟಾಕ್ಸಿನ್ ಅನ್ನುವ ವಿಷ ಸೇರಿರಬಹುದು. ಅದು ಹೊಡೆಯುವುದು ಯಕೃತ್ತಿಗೆ. ಬಿಸಿಲಿಗೆ ಹಾಕಿ ಬೂಷ್ಟು ಒರೆಸಿದರೂ ವಿಷ ಹೋಗುವುದಿಲ್ಲ.

## ಹಂತ 8: ಫಲಿತಾಂಶಕ್ಕೆ ಎಷ್ಟು ಕಾಯಬೇಕು

ಒಂದೊಂದಕ್ಕೆ ಒಂದೊಂದು ವಾಯಿದೆ. ಚಿಪ್ಪು ಕೊಟ್ಟದ್ದು ಓಡಿನಲ್ಲಿ ಕೆಲವೇ ದಿನಗಳಲ್ಲಿ ಕಾಣುತ್ತದೆ. ಹಳದಿಯ ಕೊಬ್ಬು ಬದಲಾಗಲು ಎರಡರಿಂದ ಮೂರು ವಾರ ಬೇಕು. ಮೈಯ ನೆಣ ಬದಲಾಗಲು ವಾರಗಟ್ಟಲೆ, ಬೆಳೆದ ಕೋಳಿಯಲ್ಲಿ ತಿಂಗಳೂ ದಾಟಬಹುದು. ಸೊಟ್ಟಗಾದ ನಡುಮೂಳೆ ಮತ್ತೆ ನೇರ ಆಗುವುದೇ ಇಲ್ಲ. ಅಲ್ಲಿ ನೋಡಬೇಕಾದದ್ದು ಹೊಸ ಕೋಳಿಗಳಲ್ಲಿ ಅದು ಬರುತ್ತದೋ ಇಲ್ಲವೋ ಎಂದು. ಹಾಗಾಗಿ ನಿಜವಾದ ಮೂಳೆ ಕೆಲಸ ಮೊದಲ ಮೊಟ್ಟೆಗಿಂತ ಮುಂಚೆ, ಪಡ್ಡೆ ಕೋಳಿಯ ಕಾಲದಲ್ಲೇ ಆಗಬೇಕು: ಓಡಾಡಲು ಜಾಗ, ಹಾರಿ ಕೂರಲು ತಗ್ಗಿನ ಕೋಲು, ಬಿಸಿಲು.

ಕೋಳಿ ಕೊಯ್ದಾಗ ಹೊಟ್ಟೆಯ ನೆಣ ಸ್ವಲ್ಪ ತೆಗೆದು ತಟ್ಟೆಯಲ್ಲಿ ಫ್ರಿಜ್ಜಿನಲ್ಲಿಡಿ. ನಮ್ಮ ಸೆಕೆಯಲ್ಲಿ ಹೊರಗಿಟ್ಟರೆ ಎಲ್ಲವೂ ಮೆತ್ತಗೇ, ವ್ಯತ್ಯಾಸ ಕಾಣುವುದಿಲ್ಲ. ಒಂದು ಗಂಟೆ ಬಿಟ್ಟು ಬೆರಳಲ್ಲಿ ಒತ್ತಿ. ಕೊಬ್ಬರಿ ಹಿಂಡಿ, ತಾಳೆ ಎಣ್ಣೆ ಜಾಸ್ತಿ ತಿಂದ ಕೋಳಿಯ ನೆಣ ಗಟ್ಟಿ, ಬೆರಳ ಗುರುತು ಬೀಳುವುದಿಲ್ಲ. ಮೀನು, ಅಗಸೆ ತಿಂದದ್ದು ಫ್ರಿಜ್ಜಿನಲ್ಲೂ ಜಾರುತ್ತದೆ. ಪ್ರಯೋಗಾಲಯದ ಪರೀಕ್ಷೆಯ ಜಾಗದಲ್ಲಿ ನಿಲ್ಲುವಂಥದ್ದಲ್ಲ, ಆದರೆ ಮೇವು ಮೈಗೆ ಹತ್ತಿದ ದಿಕ್ಕು ತಿಳಿಯುತ್ತದೆ. ಯಕೃತ್ತನ್ನೂ ನೋಡಿ. ಕಂದುಗೆಂಪು ಇರಬೇಕು. ಹಳದಿಯಾಗಿ, ಮುಟ್ಟಿದರೆ ಪುಡಿಯಾಗುವ ಹಾಗಿದ್ದರೆ ಉಳಿದ ಕೋಳಿಗಳಿಗೂ ತೌಡು, ಅನ್ನ ಎರಡನ್ನೂ ಅವತ್ತೇ ಕಡಿಮೆ ಮಾಡಿ.

## ಅಪಾಯದ ಸೂಚನೆಗಳು

ಮರಿಯ ಕೊಕ್ಕು ಬಾಗುವುದು. ಕೊಕ್ಕಿನ ತುದಿಯನ್ನು ಬೆರಳಲ್ಲಿ ಮೆಲ್ಲಗೆ ಒತ್ತಿ. ರಬ್ಬರಿನಂತೆ ಬಾಗಿದರೆ ಮೂಳೆ ಮೆತ್ತಗಾಗುವ ರೋಗ ಶುರುವಾಗಿದೆ. ಡಿ3, ಕ್ಯಾಲ್ಸಿಯಂ, ರಂಜಕ ಈ ಮೂರರಲ್ಲಿ ಒಂದು ಕೈಕೊಟ್ಟಿದೆ. ಎಣ್ಣೆ ಕೊಡುತ್ತಿದ್ದರೆ ನಿಲ್ಲಿಸಿ.

ಕೂತಲ್ಲೇ ಕೂತ ಹೇಂಟೆ. ಕಣ್ಣು ಚುರುಕಾಗಿದೆ, ಮೇವು ಮುಂದಿಟ್ಟರೆ ತಿನ್ನುತ್ತದೆ, ಆದರೆ ಏಳಲು ಆಗುವುದಿಲ್ಲ. ಕ್ಯಾಲ್ಸಿಯಂ ಬರಿದಾದ ಲಕ್ಷಣ ಹೀಗಿರುತ್ತದೆ. ಬೇರೆ ಕೋಳಿಗಳು ಕುಕ್ಕದ ಹಾಗೆ ಪ್ರತ್ಯೇಕ ಮಾಡಿ, ಮೆತ್ತಗಿನ ಹುಲ್ಲಿನ ಮೇಲೆ ಮಲಗಿಸಿ, ನೀರು, ಮೇವು, ಚಿಪ್ಪು ಕೊಕ್ಕಿಗೆ ಎಟಕುವಲ್ಲಿ ಇಡಿ. ಬೇಗ ಗಮನಿಸಿದರೆ ಕೆಲವು ದಿನಗಳಲ್ಲಿ ಎದ್ದು ನಿಲ್ಲುತ್ತದೆ. ರೆಕ್ಕೆ ಹಿಡಿದು ಎತ್ತಬೇಡಿ, ಮೂಳೆ ಅಲ್ಲೇ ಮುರಿಯುತ್ತದೆ.

ದಪ್ಪ ಹೇಂಟೆ ದಿಢೀರ್ ಸಾಯುವುದು. ನಿನ್ನೆ ಮೊಟ್ಟೆ ಇಟ್ಟಿದೆ, ಇವತ್ತು ಬೆಳಿಗ್ಗೆ ಸತ್ತಿದೆ, ಜುಟ್ಟು ಬಿಳಿಚಿದೆ. ನೆಣ ತುಂಬಿದ ಯಕೃತ್ತು ಒಡೆದು ಒಳಗೆ ರಕ್ತ ಹೋಗಿರಬಹುದು. ಸೆಕೆಗಾಲದಲ್ಲಿ ಹೆಚ್ಚು.

ಏಪ್ರಿಲ್–ಮೇ ತಿಂಗಳಲ್ಲಿ ಮಾತ್ರ ಓಡು ತೆಳು. ಬಾಯಿ ತೆರೆದು ಏದುಸಿರು ಬಿಡುವ ಕೋಳಿಯ ರಕ್ತದಲ್ಲಿ ಓಡಿಗೆ ಬೇಕಾದ ಕಾರ್ಬೊನೇಟ್ ಕಮ್ಮಿಯಾಗುತ್ತದೆ, ಮೇವೂ ಕಮ್ಮಿ ತಿನ್ನುತ್ತದೆ. ಮೇವು ಬದಲಿಸುವ ಮೊದಲು ನೆರಳು, ತಣ್ಣೀರು ನೋಡಿ. ಮೇವನ್ನು ಬೆಳಿಗ್ಗೆ ಬೇಗ ಮತ್ತು ಸಂಜೆ ಹಾಕಿ.

ಒಂದೇ ಸಲ ಹಲವು ಕೋಳಿಗಳ ಕಾಲು ಬೀಳುವುದು, ಕತ್ತು ತಿರುಚುವುದು, ಹಸಿರು ಬೇಧಿ, ಕೆಮ್ಮು. ಇದು ಮೇವಿನ ವಿಷಯ ಅಲ್ಲದಿರಬಹುದು. ರಾಣಿಖೇತ್, ಮ್ಯಾರೆಕ್ಸ್ ಥರದ ವೈರಸ್ ರೋಗಗಳಲ್ಲೂ ಹೀಗಾಗುತ್ತದೆ. ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ ಚಾಚಿ ಬಿದ್ದ ಎಳೆ ಕೋಳಿ ಕಂಡರೆ ಮ್ಯಾರೆಕ್ಸ್ ಅನುಮಾನ ಇರಲಿ. ಚಿಪ್ಪು, ಎಣ್ಣೆ ಅಂತ ದಿನ ಕಳೆಯದೆ ಹತ್ತಿರದ ಪಶು ಆಸ್ಪತ್ರೆಗೆ ಹೋಗಿ. ಮೇವಿನ ಮಿಶ್ರಣದ ಬಗ್ಗೆ ಮಾತ್ರ ಸಂಶಯ ಇದ್ದರೆ ಮಂಗಳೂರಿನವರಿಗೆ ಕಂಕನಾಡಿಯ ಕೃಷಿ ವಿಜ್ಞಾನ ಕೇಂದ್ರ, ಉಡುಪಿಯವರಿಗೆ ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರ ಇದೆ. ಹೋಗುವಾಗ ನೋಟ್ ಪುಸ್ತಕ, ಒಂದು ಪೊಟ್ಟಣ ಮೇವು ಜೊತೆಯಲ್ಲಿರಲಿ.